ಕೆಳಗಿನ ಮನೆ ಬೇಡ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಮನೆ ಕೊಂಡು ನೋಡು ಎನ್ನುವುದನ್ನು ಯಾಕೆ ಬಿಟ್ಟರೋ. ಟೀವಿಯ ಮನೆ ಹುಡುಕುವ ಕಾರ್ಯಕ್ರಮದಲ್ಲಾದರೆ ಎಷ್ಟು ಸುಲಭ! ಗಂಡ ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಮೂರು ಮನೆ ನೋಡುತ್ತಾರೆ, ಕಾಫಿ ಕುಡಿಯುತ್ತಾ ಒಂದನ್ನು ಆರಿಸುತ್ತಾರೆ, ಮುಗಿಯಿತು. ಮಾರುವವನು ಎಂಬ ಪ್ರಾಣಿ ಅಲ್ಲಿ ಕಾಣಿಸುವುದೇ ಇಲ್ಲ.

ನಾವು ವರ್ಷವಿಡೀ ಅಲೆದೆವು. ನಾನು ಟೈಲರ್, ನನ್ನ ಗಂಡ ಬಸ್ ಓಡಿಸುತ್ತಾರೆ. ಇಬ್ಬರ ರಜೆಯೂ ಬ್ರೋಕರನ ಬೈಕಿನ ಹಿಂದೆಯೇ ಕಳೆಯಿತು. ನಮಗೆ ಬೇಕಿದ್ದದ್ದು ಒಂದೇ: ಕೆಳಗಿನ ಮನೆ. ಅತ್ತೆಗೆ ಮಂಡಿ ಸವೆದಿದೆ, ಮೆಟ್ಟಿಲು ಕಂಡರೆ ಕಣ್ಣಲ್ಲಿ ನೀರು. ಕೊನೆಗೊಂದು ಸಿಕ್ಕಿತು. ಬಾಗಿಲ ಮುಂದೆ ಮರದ ನೆರಳು, ಹೆಸರಿಗೂ ಮೆಟ್ಟಿಲಿಲ್ಲ. ಮಾಲೀಕ ನನ್ನ ಗಂಡನ ಕೈ ಹಿಡಿದು 'ನಿಮಗೇ ಕೊಡೋದು' ಎಂದ. ಕೀ ಕೈಗಿಟ್ಟೇ ಅತ್ತೆಗೆ ಹೇಳೋಣವೆಂದು ನಾವು ಬಾಯಿ ಬಿಡಲಿಲ್ಲ. ಆಮೇಲೆ ಆ ಮಹಾನುಭಾವ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಇನ್ನೊಬ್ಬನಿಗೆ ಮಾರಿ ಕೈ ತೊಳೆದುಕೊಂಡಿದ್ದ. ಕೊಂಡವನು ಬಾಡಿಗೆಗೆ ಕೊಡಲೆಂದು ಖಾಲಿ ಬಿಟ್ಟು ಬೀಗ ಜಡಿದಿಟ್ಟ.

ನಮ್ಮ ಪಾಲಿಗೆ ಬಂದದ್ದು ಲಿಫ್ಟ್ ಇಲ್ಲದ ಮೂರನೇ ಮಹಡಿ. 'ಕೆಳಗಿನ ಮನೆ ಎಲ್ಲೂ ಸಿಗಲಿಲ್ಲ ಅತ್ತೆ' ಎಂದೆ. 'ಆಯ್ತು ಬಿಡಮ್ಮ, ಕಿಟಕಿ ಇದೆಯಲ್ಲ' ಎಂದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದೆವು. ಅಂದಿನಿಂದ ಆ ಕುರ್ಚಿ, ಆ ಕಿಟಕಿ, ಆಚೆಗೊಂದು ನೀರಿನ ಟ್ಯಾಂಕು, ಅಷ್ಟೇ ಅವರ ಪ್ರಪಂಚ.

ಇಷ್ಟೆಲ್ಲ ಆದ ಮೇಲೆ ಆ ಕಾರ್ಯಕ್ರಮದ ಟೀವಿಯವರು ಬಂದರು. ಹೌದು, ಆದ ಮೇಲೆಯೇ. ಅವರಿಗೆ ಮನೆ ಹುಡುಕುವವರು ಬೇಡ, ಹುಡುಕಿ, ಕೊಂಡು ಸುಸ್ತಾದವರು ಬೇಕು. ಹುಡುಕುವ ನಾಟಕ ಆಮೇಲೆ ಆಡಿಸುತ್ತಾರೆ. ಉಡುಗೊರೆ ಏನು ಬೇಕೆಂದು ಕೇಳಿದರು. ಮೆಟ್ಟಿಲಿನುದ್ದಕ್ಕೂ ಹಿಡಿದುಕೊಳ್ಳಲು ಒಂದು ಕಂಬಿ ಎಂದೆ. ಆಗಲಿ ಎಂದರು. ಆ ಕಂಬಿಯ ಆಸೆಗೆ ಒಪ್ಪಿದೆ.

ನಮ್ಮ ಮನೆ ಖಾಲಿ ಕಾಣಲೆಂದು ಸಾಮಾನನ್ನೆಲ್ಲ ಒಂದು ಕೋಣೆಗೆ ತುರುಕಿದರು. ಅತ್ತೆಯನ್ನೂ ಸಾಮಾನಿನ ಹಾಗೆ ಎದುರು ಮನೆಗೆ ಸಾಗಿಸಿದರು. 'ಮೊದಲ ಸಲ ನೋಡ್ತಿರೋ ಹಾಗೆ ವಾವ್ ಅನ್ನಿ ಮೇಡಂ' ಎಂದ ನಿರ್ದೇಶಕ. ನಾನೇ ದಿನಾ ತಿಕ್ಕುವ ಬಚ್ಚಲಿಗೆ ವಾವ್ ಅಂದೆ. ಮಾರನೆಯ ದಿನ, ನಾವು ನೋಡಿ ಬೇಡವೆನ್ನಬೇಕಾದ ಮನೆಯೆಂದು ಒಂದು ಕಡೆ ಕರೆದೊಯ್ದರು. ವ್ಯಾನಿನಿಂದ ಇಳಿದು ನೋಡಿದರೆ ಅದೇ ಮನೆ. ಅದೇ ಮರ.

'ನಮಗೆ ವ್ಯೂ ಮುಖ್ಯ, ಕೆಳಗಿನ ಮನೆ ಬೇಡ. ಇಷ್ಟೇ ಹೇಳಿ' ಎಂದ ನಿರ್ದೇಶಕ.

ನನ್ನ ಗಂಡ ಮೆಲ್ಲಗೆ ಹಿಂದೆ ಸರಿದರು. ನನ್ನ ಸಿಟ್ಟು ಅವರಿಗೆ ಗೊತ್ತು. ಕ್ಯಾಮೆರಾವನ್ನೇ ದಿಟ್ಟಿಸಿ ಹೇಳಿದೆ: 'ನಮಗೆ ವ್ಯೂ ಮುಖ್ಯ, ಕೆಳಗಿನ ಮನೆ ಬೇಡ ಅಂತ ನಾನು ಸತ್ರೂ ಹೇಳಲ್ಲ. ಇದು ನಮ್ಮತ್ತೆಗೆ ಅಂತ ನೋಡಿದ್ ಮನೆ. ಮಾತು ಕೊಟ್ಟು ಮೋಸ ಮಾಡಿದ್ರು.'

'ಸೂಪರ್ ಮೇಡಂ, ಸಾಕು' ಎಂದು ನಕ್ಕ. ಇವನ್ಯಾಕೆ ನಗುತ್ತಾನೆಂದು ಆಗ ಹೊಳೆಯಲಿಲ್ಲ. ಕಂಬಿಯೂ ಬರಲಿಲ್ಲ. ಅದು ಟೀವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಕಿಟಕಿಗೊಂದು ಹೂವಿನ ಪರದೆ ಕೊಟ್ಟು ಹೋದರು.

ಕಾರ್ಯಕ್ರಮ ಬಂದ ಸಂಜೆ ಮೂವರೂ ಟೀವಿ ಮುಂದೆ ಕೂತೆವು. ಮರದ ಕೆಳಗೆ ನಿಂತ ನಾನು ಹೇಳಿದೆ: 'ನಮಗೆ ವ್ಯೂ ಮುಖ್ಯ, ಕೆಳಗಿನ ಮನೆ ಬೇಡ.' ಅಲ್ಲಿಗೆ ಮುಗಿಯಿತು. 'ಅಂತ' ಎಂಬಲ್ಲಿಂದ ಮುಂದಕ್ಕೆ ಕತ್ತರಿ ಹಾಕಿದ್ದರು. ಹೊಟ್ಟೆಪಾಡಿಗೆ ಕತ್ತರಿ ಹಿಡಿದವಳು ನಾನು, ಇಂಥ ಕಟಿಂಗ್ ಕಂಡಿರಲಿಲ್ಲ. ನಮ್ಮ ಮಾತಿನಲ್ಲಿ ಇಲ್ಲ, ಅಲ್ಲ, ಒಲ್ಲೆ ಎಲ್ಲವೂ ಬರುವುದು ಬಾಲದಲ್ಲಿ. ಬಾಲ ಕತ್ತರಿಸಿದರೆ ಬೈದವಳೇ ಒಪ್ಪಿದ ಹಾಗೆ.

ನಿರ್ದೇಶಕನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. 'ಒಂದಕ್ಷರಾನೂ ನಾವು ಸೇರಿಸಿಲ್ಲ ಮೇಡಂ. ನಿಮ್ಮ ಬಾಯಿಂದ ಬಂದಿದ್ದೇ ತಾನೆ?' ಎಂದ ಕಳ್ಳ.

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನನ್ನ ಗಂಡನೂ ಆಣೆ ಮಾಡಿದರು. 'ಕೆಳಗಿನ ಮನೆ ಎಲ್ಲೂ ಸಿಗಲಿಲ್ಲ ಅಂದಿದ್ದೆಯಲ್ಲಮ್ಮ' ಎಂದರು ಅತ್ತೆ. ನಾನು ಮತ್ತೆ ಹೇಳಿದೆ, ಇನ್ನೂ ಜೋರಾಗಿ. ದನಿ ಏರಿದಷ್ಟೂ ಅದು ಸುಳ್ಳಿನಂತೆಯೇ ಕೇಳಿಸಿತು, ನನಗೂ. 'ಆಯ್ತಮ್ಮ' ಎಂದರು.

ಬೆಳಿಗ್ಗೆ ಕಿಟಕಿಯ ಬಳಿ ಕುರ್ಚಿ ಇತ್ತು, ಅತ್ತೆ ಇರಲಿಲ್ಲ. ಗೋಡೆ ಹಿಡಿದುಕೊಂಡೇ ಒಳಕೋಣೆ ಸೇರಿ ಮಂಚದ ಮೇಲೆ ಕೂತಿದ್ದರು. ಅಲ್ಲಿ ಕಿಟಕಿಯಿಲ್ಲ.

'ಇಲ್ಯಾಕೆ ಕೂತ್ರಿ ಅತ್ತೆ? ಬನ್ನಿ, ಕಿಟಕಿ ಹತ್ರ ಕೂರಿಸ್ತೀನಿ.'

'ಬೇಡಮ್ಮ, ನೀನು ಕೂತ್ಕೋ.' ಆ ದನಿಯಲ್ಲಿ ಚೂರೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಗೆಲ್ಲುತ್ತಿದ್ದೆ. 'ಅಷ್ಟು ಆಸೆಪಟ್ಟು ತಗೊಂಡಿದ್ದೀಯ. ನಾನು ಅಡ್ಡ ಕೂತ್ರೆ ನಿಂಗೆ ಆ ವ್ಯೂ ಹೇಗೆ ಕಾಣುತ್ತೆ?'