ಪುಟ ತಿರುವದ ಚಿಕ್ಕಮ್ಮ

ಅಡುಗೆಮನೆಯಲ್ಲಿ ಅಕ್ಕ ಒಲೆ ಹೊತ್ತಿಸಿದ ಸದ್ದು ಕೇಳಿದ್ದೇ ತಂಗಿ ಕುರ್ಚಿಯಿಂದ ಎದ್ದಳು. ಹಾಲು ಉಕ್ಕುವಷ್ಟರಲ್ಲಿ ಕೆಲಸ ಮುಗಿಯಬೇಕು. ಶೆಲ್ಫಿನ ಮೇಲಿದ್ದ ಫ್ರೆಂಚ್ ಗಡಿಯಾರವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಅಕ್ಕ ಹೊಲಿದಿಟ್ಟ ಬಟ್ಟೆಗಳ ರಾಶಿಯ ಮೇಲೆ ಅಂಗಾತ ಮಲಗಿಸಿದಳು. ಲೋಲಕ ಒಳಗೆ ಒಮ್ಮೆ ತಟ್ಟಿ ಸುಮ್ಮನಾಯಿತು.

ಗಡಿಯಾರದ ಮೇಲೆ ಚಿನ್ನದ ಬಣ್ಣದ ಹೆಂಗಸೊಬ್ಬಳು ಒರಗಿ ಕುಳಿತು ಪುಸ್ತಕ ಓದುತ್ತಾಳೆ. ಅವಳ ಕಾಲಬುಡದಲ್ಲಿ ಹೂಬುಟ್ಟಿ, ಮೊಣಕೈ ಕೆಳಗೆ ಗಡಿಯಾರದ ಪಿಂಗಾಣಿಯ ಬಿಳಿ ಮುಖ. ಅಜ್ಜ ಯಾವುದೋ ದೊಡ್ಡ ಮನೆಯ ಹರಾಜಿನಲ್ಲಿ ಹಿಡಿದು ತಂದದ್ದು. ಮನೆಯಲ್ಲಿ ಅವಳಿಗೆ ಚಿಕ್ಕಮ್ಮ ಎಂದೇ ಹೆಸರು. ಕೆಲಸವಿಲ್ಲ, ಕಾರ್ಯವಿಲ್ಲ, ಬಂದಾಗಿನಿಂದ ಒಂದೇ ಪುಟ ಓದುತ್ತಾಳೆ ಎಂದು ಅಮ್ಮ ಧೂಳು ಒರೆಸುವಾಗಲೆಲ್ಲ ಗದರುತ್ತಿದ್ದಳು. ತಂಗಿಯ ಮದುವೆ ಗೊತ್ತಾದಾಗ ಅಪ್ಪ ಚಿಕ್ಕಮ್ಮನನ್ನು ಮಾರಿಬರುತ್ತೇನೆಂದು ಹೊದಿಕೆಯಲ್ಲಿ ಸುತ್ತಿಕೊಂಡು ಹೋಗಿದ್ದರು. ಸಂಜೆ ಹಾಗೆಯೇ ಹೊತ್ತು ತಂದು, ಕೊಡಲು ಮನಸ್ಸು ಬರಲಿಲ್ಲ ಎಂದಿದ್ದರು. ಗಂಡನ ಮನೆಯಲ್ಲಿ ಈ ಕಥೆಯನ್ನು ತಂಗಿ ಎಷ್ಟು ಸಲ ಹೇಳಿದ್ದಳೆಂದರೆ ಅವಳ ಅತ್ತೆಗೂ ಅದು ಬಾಯಿಪಾಠವಾಗಿತ್ತು.

ಅಪ್ಪ ಕೊನೆಯ ದಿನಗಳನ್ನು ಅಕ್ಕನ ಮನೆಯಲ್ಲಿ ಕಳೆದದ್ದರಿಂದ ಗಡಿಯಾರವೂ ಅಲ್ಲೇ ಉಳಿಯಿತು. ಅದಕ್ಕೆ ತಂಗಿಯ ತಕರಾರೇನೂ ಇರಲಿಲ್ಲ. ಆದರೆ ಕಳೆದ ಸಲ ಬಂದಾಗ ಚಿಕ್ಕಮ್ಮನ ಮೊಣಕಾಲು ಬೇರೆ ಥರ ಹೊಳೆಯುತ್ತಿತ್ತು. ಮುಟ್ಟಲು ಕೈ ಚಾಚಿದರೆ ಅಕ್ಕ, ಮುಟ್ಟಬೇಡ, ಮುಟ್ಟಬೇಡ ಎನ್ನುತ್ತ ಸೂಜಿ ಚುಚ್ಚಿಸಿಕೊಂಡವಳಂತೆ ಎದ್ದು ಬಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಷ್ಟು ಹೊತ್ತಿಗೆ ಅಕ್ಕನ ಕಾಲಲ್ಲಿ ತುಳಿಯುವ ಹೊಲಿಗೆ ಮಿಶನ್ ಹೋಗಿ ಮೋಟಾರಿನದ್ದೂ ಬಂದಿತ್ತು.

ಅನುಮಾನಕ್ಕೆ ಅಷ್ಟು ಸಾಕು. ಅದು ಒಮ್ಮೆ ಬಂದು ಕೂತರೆ ಕಣ್ಣಿಗೆ ಕಂಡದ್ದೆಲ್ಲ ಸಾಕ್ಷಿ. ತಂಗಿ ಕೆಲಸ ಮಾಡುವ ಕನ್ನಡಕದಂಗಡಿಯ ಪಕ್ಕದಲ್ಲಿ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನಿದ್ದ. ಯಾರದೋ ಗಡಿಯಾರ ಎಂಬಂತೆ ಅವನನ್ನು ಕೇಳಿದಳು. ಬೆಳ್ಳಗಿರುವುದೆಲ್ಲ ಹಾಲಲ್ಲಮ್ಮ ಎಂದ ಅವನು. ಒಳ್ಳೆಯದು ಕಂಚಿನದ್ದು, ಅಗ್ಗದ್ದು ಸತುವಿನದ್ದು, ಮೇಲಿನ ಚಿನ್ನದ ಲೇಪ ಮಾತ್ರ ಎರಡಕ್ಕೂ ಒಂದೇ. ಪೀಠದ ಅಡಿ ಕೆರೆದು ನೋಡಿ, ಹಳದಿ ಬಂದರೆ ಕಂಚು, ಬೂದು ಬಂದರೆ ಸತು.

ಬೂದು ಬಂದರೆ ಅಕ್ಕ ಅಸಲಿಯನ್ನು ಮಾರಿ ನಕಲಿ ತಂದಿಟ್ಟಿದ್ದಾಳೆ ಎಂದೇ ಅರ್ಥ. ಹಾಗಿದ್ದರೆ ಇನ್ನು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ತಂಗಿ ಬಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದಳು. ಅವಳಿಗೆ ತವರು ಎಂದು ಉಳಿದಿದ್ದದ್ದು ಇದೊಂದೇ ಮನೆ.

ಕನ್ನಡಕದ ಕಡ್ಡಿ ಬಿಗಿಮಾಡುವ ಸಣ್ಣ ಸ್ಕ್ರೂಡ್ರೈವರನ್ನು ಪರ್ಸಿನಿಂದ ತೆಗೆದು ಪೀಠದ ಅಡಿ ಗಟ್ಟಿಯಾಗಿ ಎಳೆದಳು. ಬೂದು ಬಂತು.

ತಲೆ ಎತ್ತಿದರೆ ಅಕ್ಕ ಚಹದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಸಿಕ್ಕಿಬಿದ್ದವಳು ತಾನಾದರೂ ಮೊದಲು ಬಾಯಿ ತೆರೆದವಳು ತಂಗಿಯೇ.

"ಯಾವಾಗ ಮಾರಿದೆ ಅಕ್ಕ?"

ಅಕ್ಕ ಲೋಟಗಳನ್ನು ಮಿಶನ್ನಿನ ಮೇಲಿಟ್ಟು ಬಂದು, ಪೀಠವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ನಿನ್ನ ಗೀರಿನ ಪಕ್ಕ ಇನ್ನೊಂದಿದೆ ನೋಡು. ಅದು ನಂದು."

ಹೊಳೆಯುವ ಹೊಸ ಗೀರಿನ ಪಕ್ಕ ಮಂಕಾದದ್ದೊಂದು. ಅದರಾಚೆ, ಕಪ್ಪಗಾಗಿ ಕಂಡೂ ಕಾಣದ ಹಾಗೆ, ಮೂರನೆಯದು.

ಅಪ್ಪ ತೀರಿಕೊಂಡ ಮೇಲೆ ತಂಗಿ ರಿಪೇರಿ ಮಾಡಿಸುತ್ತೇನೆಂದು ಗಡಿಯಾರ ಒಯ್ದು ಬಹಳ ದಿನ ಇಟ್ಟುಕೊಂಡಿದ್ದಳು. ಅದು ವಾಪಸ್ ಬಂದ ದಿನವೇ ಅಕ್ಕ ಕತ್ತರಿಯ ಮೊನೆಯಿಂದ ಕೆರೆದು ನೋಡಿದ್ದಳಂತೆ. ಇಂಥ ಬುದ್ಧಿ ಹೇಳಿಕೊಡುವವರು ಅವಳಿಗೂ ಸಿಕ್ಕಿದ್ದರು, ಅವರಿಗೆಲ್ಲಿ ಬರ. ಬೂದು ಕಂಡಾಗ ತಂಗಿಯನ್ನು ಬಾಯಿಗೆ ಬಂದಂತೆ ಬೈದುಕೊಂಡಳಂತೆ. ಆಮೇಲೆ ಆ ಹಳೆಯ ಗೀರು ಕಣ್ಣಿಗೆ ಬಿತ್ತಂತೆ.

"ಅದು ಯಾರದ್ದು?"

"ಅಪ್ಪ ಅವತ್ತು ಮಾರೋಕೆ ತಗೊಂಡು ಹೋಗಿದ್ರಲ್ಲ. ಅಂಗಡಿಯವನು ಕೆರೆದು ನೋಡಿರ್ತಾನೆ."

"ಕೊಡೋಕೆ ಮನಸ್ಸು ಬರಲಿಲ್ಲ ಅಂದ್ರು."

"ಹೂಂ," ಎಂದಳು ಅಕ್ಕ. "ಹಾಗೇ ಅಂದ್ರು."

ತಂಗಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆ ಬಂತು. ಆದರೂ ಅನುಮಾನದ ಹುಳ ಪೂರ್ತಿ ಸತ್ತಿರಲಿಲ್ಲ. ಮತ್ತೆ ಆ ಮೊಣಕಾಲು ಯಾಕೆ ಹಾಗೆ ಹೊಳೆಯುತ್ತಿತ್ತು ಎಂದು ಕೇಳಿಯೇಬಿಟ್ಟಳು.

"ಅಲ್ಲಿ ಸವೆದು ಬೂದು ಕಾಣ್ತಿತ್ತು. ನಿನ್ನ ಕಣ್ಣಿಗೆ ಬೀಳಬಾರದು ಅಂತ ಬಣ್ಣ ಬಳಿದೆ. ಅವತ್ತಿನ್ನೂ ಒಣಗಿರಲಿಲ್ಲ. ಮಿಶನ್ ಕಂತಿನದ್ದು, ಅದನ್ನೂ ಕೇಳಿಬಿಡು."

ತಂಗಿ ಅದನ್ನು ಕೇಳಲಿಲ್ಲ. ಆ ಬಣ್ಣ ಉಳಿದಿದೆಯೇ ಎಂದಷ್ಟೇ ಕೇಳಿದಳು.

ಅಕ್ಕ ಫೋಟೋ ಚೌಕಟ್ಟಿಗೆ ಹಚ್ಚುವ ಬಣ್ಣದ ಡಬ್ಬಿ ತಂದಳು. ಗಿರಾಕಿಗಳ ಬಟ್ಟೆಗೆ ಹತ್ತೀತೆಂದು ಇಬ್ಬರೂ ಅಕ್ಕಪಕ್ಕ ನೆಲದ ಮೇಲೆ ಕುಳಿತು ಗಡಿಯಾರವನ್ನು ಮಡಿಲಿಗೆ ಎಳೆದುಕೊಂಡರು. ಅಕ್ಕ ಹತ್ತಿಕಡ್ಡಿಯನ್ನು ಅದ್ದಿ ತಂಗಿಯ ಗೀರನ್ನು ಮುಚ್ಚಿದಳು. ತನ್ನದನ್ನೂ ಮುಚ್ಚಿದಳು. ಕಡ್ಡಿ ಮೂರನೆಯದರತ್ತ ಸರಿದಾಗ ತಂಗಿ ಅವಳ ಮಣಿಕಟ್ಟು ಹಿಡಿದಳು.

"ಅದು ಇರಲಿ."

ಬಣ್ಣ ಒಣಗುವ ತನಕ ಗಡಿಯಾರವನ್ನು ನೆಟ್ಟಗೆ ನಿಲ್ಲಿಸುವಂತಿರಲಿಲ್ಲ. ಮಿಶನ್ನಿನ ಮೇಲೆ ಚಹ ಕೆನೆಗಟ್ಟಿತು. ಚಿಕ್ಕಮ್ಮ ಇಬ್ಬರ ಮಡಿಲಲ್ಲಿ ಅಂಗಾತ ಮಲಗಿ ಅದೇ ಪುಟ ಓದುತ್ತಿದ್ದಳು.