ಸೀಳಿಗೆ ಸಿಗದ ಗುಚ್ಛಗಳು

ಅಂಗೈಯಗಲದ ಕರಿ ತಗಡಿಗೆ ನಾನೂರು ರ‍್ಯಾಂಡ್. ಅದರಲ್ಲಿ ಸೀಳು ಕೊರೆಯುವ ನನ್ನ ಅರ್ಧ ದಿನದ ಕೂಲಿ ಅದಕ್ಕಿಂತ ತುಸು ಹೆಚ್ಚು. ದಕ್ಷಿಣ ಆಫ್ರಿಕಾದ ಈ ಬೆಟ್ಟದ ಮೇಲಿನ ದೂರದರ್ಶಕದ ಒಂದು ಗಂಟೆಗೆ ನನ್ನ ಎರಡು ತಿಂಗಳ ಸಂಬಳ. ಅಂಥ ಹನ್ನೆರಡು ಗಂಟೆ ಸಿಗಲು ಸಿನಾಜೊ ಮೂರು ವರ್ಷ ಅರ್ಜಿ ಹಾಕಿದ್ದಳು.

ಅವಳದು ಡಾಕ್ಟರೇಟ್ ಕೆಲಸ. ಮೊಟ್ಟೆಯಾಕಾರದ ಒಂದು ಗ್ಯಾಲಕ್ಸಿಯ ಸುತ್ತ ನಕ್ಷತ್ರಗುಚ್ಛಗಳು ಜೇನ್ನೊಣಗಳಂತೆ ಸುತ್ತುತ್ತವೆ. ಅವು ದಿಕ್ಕಿಗೊಂದರಂತೆ ಜೋರಾಗಿ ಓಡುತ್ತಿದ್ದರೆ, ಚದುರಿ ಹೋಗದಂತೆ ಹಿಡಿದಿಡಲು ಕಣ್ಣಿಗೆ ಕಾಣದ ಕಪ್ಪು ದ್ರವ್ಯ ಅಲ್ಲಿ ಇರಲೇಬೇಕು. ವೇಗ ಅಳೆಯಲು ಪ್ರತಿ ಗುಚ್ಛದ ಬೆಳಕೂ ತನ್ನ ಸೀಳಿನೊಳಗೆ ಇಳಿಯಬೇಕು. ಸೀಳಿನ ಅಗಲ ಎರಡು ಕೂದಲಿನಷ್ಟು. ತಗಡನ್ನು ದೂರದರ್ಶಕದಲ್ಲಿ ಸರಿಯಾಗಿ ಕೂರಿಸಲು ನಮಗೆ ಹತ್ತಿರದ ಮೂರು ನಕ್ಷತ್ರಗಳಿಗೆ ಚೌಕ ತೂತುಗಳೂ ಇರುತ್ತವೆ.

ಏಪ್ರಿಲ್‌ನ ಒಂದು ಬೆಳಿಗ್ಗೆ, ಹನ್ನೆರಡು ಗಂಟೆಯ ವೀಕ್ಷಣೆಯ ಲೆಕ್ಕವೆಲ್ಲ ಮುಗಿಸಿ, ಅವಳು ಬಿಸಿ ವೆಟ್‌ಕುಕ್ ಎಂಬ ಕರಿದ ಬನ್ನು ಕಟ್ಟಿಸಿಕೊಂಡು ನನ್ನ ವರ್ಕ್‌ಶಾಪಿಗೆ ಬಂದಳು. ಕರೂ ಬಯಲಿನವರಿಗೆಲ್ಲ ನಾನು ಊಮ್ ಗೆರ್ಟ್, ಅಂದರೆ ಗೆರ್ಟ್ ಮಾಮ; ಅವಳಿಗೂ ಅಷ್ಟೇ.

"ತಿನ್ನಿ ಊಮ್. ನಲವತ್ತು ಗುಚ್ಛ, ಎಲ್ಲಾ ಹೆಚ್ಚುಕಮ್ಮಿ ಒಂದೇ ವೇಗ. ಕಪ್ಪು ದ್ರವ್ಯ ಅಲ್ಲಿ ಇಲ್ಲವೇ ಇಲ್ಲ. ದೊಡ್ಡ ಸುದ್ದಿ ಆಗತ್ತೆ."

"ನಲವತ್ತು ಕುರಿ ಬಿಟ್ರೆ ನಲವತ್ತು ಕಡೆ ಓಡ್ತಾವೆ ಮಗಳೇ. ನಿನ್ನವು ಮಾತ್ರ ಚರ್ಚಿಗೆ ಹೊರಟೋರ ಥರ ಸಾಲಾಗಿ ಹೋಗ್ತಾವಾ?"

"ಕುರಿ ಕಾಯ್ದೋರಿಗೆ ಆಕಾಶದಲ್ಲೂ ಕುರಿನೇ ಕಾಣೋದು," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. "ಚೌಕ ತೂತಿನ ನಕ್ಷತ್ರಗಳನ್ನ ಯಾವ ವರ್ಷದ ಫೋಟೋದಿಂದ ತಗೊಂಡೆ?"

"ಹಳೇದು, ಎಪ್ಪತ್ತಾರರದ್ದು. ಗುಚ್ಛಗಳು ಮಾತ್ರ ಹೊಸ ಚಿತ್ರದವು. ಯಾಕೆ? ಮೂರೂ ತೂತಲ್ಲಿ ನಕ್ಷತ್ರ ಅಚ್ಚುಕಟ್ಟಾಗಿ ಕೂತಿತ್ತಲ್ಲ."

ಹತ್ತಿರದ ನಕ್ಷತ್ರಗಳು ನಲವತ್ತು ವರ್ಷದಲ್ಲಿ ಜಾಗ ಬಿಡುತ್ತವೆ, ದೂರದ ಗುಚ್ಛಗಳು ಕದಲಿದಂತೆ ಕಾಣುವುದಿಲ್ಲ. ಒಂದೊಂದೂ ಒಂದೊಂದು ಕಡೆ ಹೋಗಿದ್ದರೆ ತಗಡು ಕೂರುತ್ತಲೇ ಇರಲಿಲ್ಲ, ಅವತ್ತೇ ಗೊತ್ತಾಗುತ್ತಿತ್ತು. ಅವಳು ಕಂಪ್ಯೂಟರಿನಲ್ಲಿ ನಕ್ಷತ್ರಗಳ ಹೊಸ ಪಟ್ಟಿ ತೆಗೆದು ನೋಡಿದಳು. ಮೂರೂ ಒಂದೇ ಹಿಂಡಿನವು, ಒಂದೇ ದಿಕ್ಕಿಗೆ ಒಟ್ಟಿಗೆ ಸರಿದಿದ್ದವು. ಅವುಗಳ ಜೊತೆ ತಗಡೂ ಸರಿದಿತ್ತು.

"ಒಂದೂವರೆ ಸೀಳಿನಷ್ಟು," ಎಂದಳು. "ಗುಚ್ಛ ಒಂದೂ ಒಳಗೆ ಬಿದ್ದಿಲ್ಲ. ನಾನು ಅಳೆದಿದ್ದೆಲ್ಲ ಗ್ಯಾಲಕ್ಸಿಯ ಹಿನ್ನೆಲೆ ಬೆಳಕು. ಅದಕ್ಕೇ ಎಲ್ಲಾ ಒಂದೇ ವೇಗ."

"ಇನ್ನೊಂದು ತಗಡು ಕೊರೀತೀನಿ. ಇವತ್ತೇ."

"ಆಕಾಶ ಎಲ್ಲಿಂದ ತರ್ತೀರಾ ಊಮ್? ಆ ಗ್ಯಾಲಕ್ಸಿ ಮತ್ತೆ ಬರೋದು ಸೆಪ್ಟೆಂಬರಿಗೆ. ನನ್ನ ವಿದ್ಯಾರ್ಥಿವೇತನ ಜೂನ್‌ಗೆ ಮುಗಿಯತ್ತೆ." ಆಮೇಲೆ ಮೆಲ್ಲಗೆ ಕೇಳಿದಳು, "ಕೊರೆಯೋ ಮುಂಚೆ ಎಲ್ಲರನ್ನೂ ಫೋಟೋ ಯಾವ ವರ್ಷದ್ದು ಅಂತ ಕೇಳ್ತೀರಂತೆ. ನನ್ನ ಯಾಕೆ ಕೇಳಲಿಲ್ಲ?"

"ಕೊರೆದಿದ್ದು ಶುಕ್ರವಾರ ಸಂಜೆ. ನಂಗೆ ಮನೆಗೆ ಹೋಗಬೇಕಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಮಯ ಕೇಳಿ ಮತ್ತೆ ಹಾಕಿದ ಅರ್ಜಿ ತಿರಸ್ಕೃತವಾಯಿತು. ಜೂನ್ ಕೊನೆಗೆ ಅವಳು ಕೊಠಡಿ ಖಾಲಿ ಮಾಡಿ, ಉಮ್ಟಾಟಾದ ಒಂದು ಶಾಲೆಯಲ್ಲಿ ಲೆಕ್ಕ ಕಲಿಸಲು ಹೋದಳು. ಹನ್ನೆರಡು ಗಂಟೆಯ ಆಕಾಶ ಹೋಯಿತು, ಅವಳ ಪದವಿ ಹೋಯಿತು. ಆ ಗುಚ್ಛಗಳು ಎಷ್ಟು ವೇಗದಲ್ಲಿ ಓಡುತ್ತವೆಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ.