ಹದಿನೇಳು ದಿನದ ಮಳೆ

"ಅಮ್ಮ, ಹೋದ ವರ್ಷ ಏಪ್ರಿಲ್ ಹನ್ನೊಂದಕ್ಕೆ ನಮ್ಮನೇಲಿ ಎಷ್ಟು ಮಳೆ ಬಂದಿತ್ತು?"

ಯಶೋದಾ ಕಣದಲ್ಲಿ ಒಣಹಾಕಿದ ಕಾಫಿಯನ್ನು ಕೆದಕುತ್ತಿದ್ದಳು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಕೈ ತಾನಾಗಿಯೇ ನಿಂತಿತು.

"ಎಂಥಕ್ಕೆ ಪುಟ್ಟಿ ಈಗ ಅದು?"

"ಹೇಳಮ್ಮ ಸುಮ್ನೆ. ನೆನಪಿದ್ಯಾ?"

"ಹೋದ ವರ್ಷದ ಮಳೆ ಯಾರಿಗೆ ನೆನಪಿರುತ್ತೆ? ಪುಸ್ತಕದಲ್ಲಿ ಇದ್ಯಲ್ಲ."

"ಪುಸ್ತಕದಲ್ಲಿ ಅರವತ್ತೆರಡು ಸೆಂಟ್ ಅಂತಿದೆ. ನಮ್ ಕ್ಲಾಸಿನ ಮೋಹಿತನ ಪ್ರಾಜೆಕ್ಟಲ್ಲೂ ಅರವತ್ತೆರಡೇ. ಅದೊಂದೇ ಅಲ್ಲ, ಆರನೇ ತಾರೀಕಿಂದ ಇಪ್ಪತ್ತೆರಡರ ತನಕ ಹದಿನೇಳು ದಿನ ಅವಂದೂ ನಂದೂ ಒಂದೇ. ಒಂದು ಸೆಂಟೂ ಆಚೀಚೆ ಇಲ್ಲ." ಧನ್ಯಶ್ರೀಯ ದನಿ ಅಲ್ಲಿಗೆ ಒಡೆಯಿತು. "ನಾನು ಅವನದ್ದು ಕದ್ದೆ ಅಂತಾರೆ ಅಮ್ಮ. ನಾಳೆ ಹನ್ನೊಂದು ಗಂಟೆಗೆ ಕಮಿಟಿ ಇದೆ. ನೀನು ಬಾ. ನೀನು ಕೈಯಲ್ಲಿ ಬರ್ದಿದ್ಯಲ್ಲ, ಆ ಪುಸ್ತಕ ತಗೊಂಡು ಬಾ."

"ಬರ್ತೀನಿ. ಅಳ್ಬೇಡ. ತಿಂಡಿ ತಿಂದ್ಯಾ?"

"ಹೇಳಿದೀನಿ ನಾನು ಗೈಡ್ ಮೇಡಂಗೆ. ನಮ್ಮಮ್ಮ ಒಂದೇ ಒಂದು ದಿನಾನೂ ತಪ್ಸಿಲ್ಲ, ಬೇಕಾದ್ರೆ ನೀವೇ ಕೇಳಿ ಅಂತ."

ಫೋನು ಕಟ್ಟಾದ ಮೇಲೂ ಯಶೋದಾ ಅದನ್ನು ಕಿವಿಯಿಂದ ತೆಗೆಯಲಿಲ್ಲ. ಜನವರಿಯ ಬಿಸಿಲು ಕಣದ ಮೇಲೆ ಚೆನ್ನಾಗಿಯೇ ಇತ್ತು.

ಧನ್ಯಶ್ರೀ ಚಿಕ್ಕಮಗಳೂರಿನ ಪಿ.ಜಿ. ಸೆಂಟರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅವಳ ಪ್ರಾಜೆಕ್ಟು ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ ಮೇಲೆ. ರಸ್ತೆಯ ಆಚೆ ತೋಟಕ್ಕೆ ಒಂದಿಂಚು ಹೊಡೆದ ಮಳೆ ಈಚೆ ತೋಟದಲ್ಲಿ ಧೂಳನ್ನೂ ಅಡಗಿಸುವುದಿಲ್ಲ ಎಂದು ಈ ಸೀಮೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವುದಷ್ಟೇ ಅಲ್ಲ, ಅಳೆದು ತೋರಿಸಬೇಕು ಎಂದು ಅವಳ ಆಸೆ. ತಮ್ಮೂರು ಜಾವಳಿಯ ಸುತ್ತಮುತ್ತ ಆರು ಕಡೆ ಮಳೆ ಅಳೆಯುವ ರೈನ್ ಗೇಜ್ ಇಡಿಸಿದ್ದಳು. ಒಂದು ತನ್ನ ಮನೆಯ ಅಂಗಳದಲ್ಲೇ. ಮೇಲೊಂದು ಆಲಿಕೆ, ಒಳಗೊಂದು ಬಾಟಲಿ, ಪಕ್ಕದಲ್ಲಿ ಗೆರೆ ಹಾಕಿದ ಅಳತೆಯ ಗಾಜು. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯುವ ಕೆಲಸ ಅಮ್ಮನದು.

ಯಶೋದಾ ಒಳಗೆ ಹೋಗಿ, ಗೋದ್ರೆಜ್ ಬೀರುವಿನ ಸೀರೆಗಳ ಕೆಳಗಿನಿಂದ ಆ ಪುಸ್ತಕ ತೆಗೆದಳು. ಸಿಕ್ಕ ಪೆನ್ನಿನಲ್ಲಿ, ಪೆನ್ಸಿಲ್ಲಿನಲ್ಲಿ, ಒಮ್ಮೆ ಹುಬ್ಬಿಗೆ ಹಚ್ಚುವ ಕಪ್ಪು ಕಡ್ಡಿಯಲ್ಲಿ ಬರೆದ ಸಾಲುಗಳು. ಒಂದೆರಡು ಕಡೆ ಹಿಟ್ಟಿನ ಬೆರಳಚ್ಚು. ಆರನೇ ತಾರೀಕಿನಿಂದ ಇಪ್ಪತ್ತೆರಡರವರೆಗಿನ ಪುಟ ಮಾತ್ರ ಒಂದೇ ನೀಲಿ ಶಾಯಿಯಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಸಾಲು ತಪ್ಪದೆ ಇತ್ತು. ಇಡೀ ಪುಸ್ತಕದಲ್ಲಿ ಅಷ್ಟು ಅಂದವಾದ ಪುಟ ಇನ್ನೊಂದಿರಲಿಲ್ಲ.

ಹೋದ ಏಪ್ರಿಲ್ಲಿನಲ್ಲಿ ಧನ್ಯಳಿಗೆ ಪರೀಕ್ಷೆ. ವಸ್ತಾರೆಯಲ್ಲಿ ಯಶೋದಾಳ ತಾಯಿ ಭಾಗಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಓದುವ ಹೊತ್ತಿನಲ್ಲಿ ಹುಡುಗಿಯ ಮನಸ್ಸು ಕೆಡಿಸುವುದು ಬೇಡವೆಂದು ಯಾರೂ ಅವಳಿಗೆ ಹೇಳಲಿಲ್ಲ. ಮಳೆ ಅಳೆದು ಬರೆಯಿರಿ ಎಂದು ಗಂಡ ನಾಗೇಶನಿಗೆ ಎರಡೆರಡು ಸಲ ಹೇಳಿ ಯಶೋದಾ ವಸ್ತಾರೆಗೆ ಹೋದಳು. ಹದಿನೇಳು ದಿನ ಬಿಟ್ಟು ಬಂದು ನೋಡಿದರೆ ಪುಸ್ತಕದಲ್ಲಿ ಆ ದಿನಗಳು ಖಾಲಿ. "ಮಳೆ ಬಂದ್ರೆ ಗೊತ್ತಾಗಲ್ವಾ ಮಾರಾಯ್ತಿ, ಅದನ್ನೆಂಥ ದಿನಾ ಇಣುಕೋದು?" ಎಂದು ನಾಗೇಶ ನಕ್ಕುಬಿಟ್ಟಿದ್ದ.

ಅಷ್ಟೂ ದಿನದ ಮಳೆ ಬಾಟಲಿಯಲ್ಲಿ ಒಟ್ಟಾಗಿ ಹಾಗೇ ನಿಂತಿತ್ತು. ಅವಳು ಗಾಜಿಗೆ ಬಗ್ಗಿಸಿ ಅಳೆದಳು. ಐವತ್ತು ಸೆಂಟಿನ ಗಾಜು ಎರಡು ಸಲ ತುಂಬಿತು. ಮೂರನೆಯ ಸಲ ಮೂವತ್ತೆಂಟರ ಗೆರೆಗೆ ನಿಂತಿತು. ಆದರೆ ಯಾವ ದಿನ ಎಷ್ಟು ಎಂದು ನೀರು ಹೇಳುವುದಿಲ್ಲ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತಮ್ಮಯ್ಯನ ಹತ್ತಿರ ಓಡಿದಳು. ಅವನ ಮಳೆ ರಿಜಿಸ್ಟರಿನಲ್ಲಿ ಹದಿನೇಳು ದಿನವೂ ಇದ್ದವು. ಅವನ ಪೆನ್ನಿನಿಂದಲೇ ಇಳಿಸಿಕೊಂಡಳು. ಮನೆಗೆ ಬಂದು ಕೂಡಿಸಿದಾಗ ಮೂರು ಇಂಚು ನಾಲ್ಕು ಸೆಂಟ್ ಬಂತು. ತನ್ನ ಅಂಗಳದಲ್ಲಿ ಬಿದ್ದದ್ದು ಅದರ ಅರ್ಧವೂ ಅಲ್ಲ ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಗಾಜಿನಲ್ಲಿದ್ದ ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿ, ಗಾಜು ತೊಳೆದಿಟ್ಟಿದ್ದಳು.

ಅದೇ ರಿಜಿಸ್ಟರಿನ ಮೂವತ್ತು ವರ್ಷದ ಮಳೆಯನ್ನು ಮೋಹಿತ್ ಎಂಬ ಹುಡುಗ ಮಗಳ ಕ್ಲಾಸಿನಲ್ಲೇ ಕೂತು ಪ್ರಾಜೆಕ್ಟ್ ಮಾಡುತ್ತಾನೆಂದು ಅವಳಿಗೆ ಹೇಗೆ ಗೊತ್ತಿರಬೇಕು?

ಈಗ ಅವಳು ಹೋದಾಗ ತಮ್ಮಯ್ಯ ಎಸ್ಟೇಟಿನ ಆಫೀಸಿನಲ್ಲಿ ಕಾಲು ಚಾಚಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ಎಲ್ಲ ಕೇಳಿ, ಸಿಪ್ಪೆ ಕೊಡವಿಕೊಂಡ.

"ಮಳೆ ಕದ್ದದ್ದಕ್ಕೂ ಕಮಿಟೀನಾ ಯಶೋದಕ್ಕ? ಮುಂದೆ ಬಿಸಿಲಿಗೂ ಮಾಡ್ತಾರೆ ನೋಡಿ."

"ನಗ್ಬೇಡ ಮಾರಾಯ. ನಾಳೆ ಹನ್ನೊಂದಕ್ಕೆ ಹೋಗ್ಬೇಕು."

"ನಾನೂ ಸಣ್ಣವನಿದ್ದಾಗ ಮದುವೆ ಮುಂಜಿ ಅಂತ ಹೋದ್ರೆ ಕೆಳಗಿನ ತೋಟದ ರೈಟರ್ ಹತ್ರ ಕೇಳಿ ಬರೀತಿದ್ದೆ. ಆದ್ರೆ ನಾನು ಐದು ಸೆಂಟ್ ಹೆಚ್ಚುಕಮ್ಮಿ ಮಾಡ್ತಿದ್ದೆ ಅಕ್ಕ. ನೀವು ಹಂಗೇ ಇಳಿಸಿದ್ರಿ. ಅದೇ ತಪ್ಪಾದ್ದು." ಅವನು ಮೇಜಿನ ಕೆಳಗಿನಿಂದ ಹಳೆಯದೊಂದು ಖಾಲಿ ಪುಸ್ತಕ ಎಳೆದು ಧೂಳು ಊದಿದ. "ತಗೊಳ್ಳಿ. ಕೂತು ಎಲ್ಲ ಹೊಸದಾಗಿ ಬರೀರಿ. ಆ ಹದಿನೇಳು ದಿನ ಮಾತ್ರ ಬೇರೆ ಹಾಕಿ. ಇದೇ ನನ್ನ ಪುಸ್ತಕ ಅನ್ನಿ. ಯಾರು ಬಂದು ನೋಡಿದಾರೆ?"

ಬೇಡ ಎನ್ನಲು ಬಾಯಿ ತೆರೆದವಳು ಕೈ ಚಾಚಿದಳು.

ಮಧ್ಯಾಹ್ನದ ಊಟದ ಪಾತ್ರೆ ಹಾಗೇ ಬಿಟ್ಟು ಅಡುಗೆಮನೆಯ ಕಿಟಕಿಯ ಹತ್ತಿರ ಕೂತಳು. ಫೆಬ್ರವರಿಯಿಂದ ಮೇ ತನಕದ ಸಾಲುಗಳನ್ನು ಮೂರು ಪೆನ್ನು ಬದಲಿಸಿ ಬರೆದಳು. ಏಪ್ರಿಲ್ ಆರು ಬಂದಾಗ ಕೈ ತಡೆಯಿತು. ಆಮೇಲೆ ಹದಿನೆಂಟು ಎಂದು ಹಾಕಿದಳು. ಎಷ್ಟು ಸುಲಭ! ಎರಡು ದಿನ ಸೊನ್ನೆ. ಒಂಬತ್ತು. ಸೊನ್ನೆ. ಮೂವತ್ತೊಂದು. ಎಲ್ಲ ಕೂಡಿ ಸರಿಯಾಗಿ ಒಂದು ಇಂಚು ಮೂವತ್ತೆಂಟು ಸೆಂಟಾಗಬೇಕೆಂದು ಎರಡು ಸಲ ಅಳಿಸಿ ತಿದ್ದಿದಳು. ಒಟ್ಟು ಲೆಕ್ಕವಾದರೂ ಸುಳ್ಳಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಪುಟಕ್ಕೆ ಬೇಕೆಂದೇ ಹಿಟ್ಟಿನ ಬೆರಳು ಒತ್ತಿದಳು. ಹಾಗೆ ಒತ್ತಿದ ಬೆರಳನ್ನು ಎರಡು ಸಲ ತೊಳೆದಳು.

ಬೆಳಿಗ್ಗೆ ಬಸ್ಸು ಮೂಡಿಗೆರೆ ದಾಟುವಾಗ ಬ್ಯಾಗಿನಲ್ಲಿ ಎರಡೂ ಪುಸ್ತಕಗಳಿದ್ದವು. ಜೊತೆಗೆ ಮಗಳಿಗೆಂದು ಕಡುಬು, ಒಂದು ಬಾಟಲಿ ನಿಂಬೆ ಉಪ್ಪಿನಕಾಯಿ. ಪಕ್ಕದ ಸೀಟಿನ ಹೆಂಗಸು, "ಮಗಳನ್ನ ನೋಡೋಕಾ?" ಎಂದಳು. ಹೌದೆಂದು ತಲೆಯಾಡಿಸಿದಳು. ಮಗಳು ಪ್ರಾಜೆಕ್ಟಿನ ಒಂದು ಪ್ರತಿಯನ್ನು ದೀಪಾವಳಿಗೆ ಬಂದಾಗ ಮನೆಯಲ್ಲಿಟ್ಟು ಹೋಗಿದ್ದಳು. ಇದು ನನ್ನ ಸ್ವಂತ ಕೆಲಸ ಎಂದು ಸಹಿ ಮಾಡಿದ ಹಾಳೆಯ ಮುಂದಿನ ಪುಟದಲ್ಲಿ ಕೃತಜ್ಞತೆ. ಅದರ ಕೊನೆಯ ಸಾಲು ಯಶೋದಾಳಿಗೆ ಬಾಯಿಪಾಠವಾಗಿತ್ತು: ಒಂದು ಬೆಳಗೂ ತಪ್ಪದೆ ಮಳೆಯನ್ನು ಅಳೆದುಕೊಟ್ಟ ನನ್ನ ಅಮ್ಮನಿಗೆ.

ಅದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓದಿಕೊಳ್ಳುವಾಗಲೇ ಆ ಯೋಚನೆ ಬಂತು. ಬಸ್ಸು ತಿರುವಿನಲ್ಲಿ ವಾಲಿದಾಗ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಹೊಸ ಪುಸ್ತಕವೇ ನಿಜವಾದರೆ, ಪ್ರಾಜೆಕ್ಟಿನಲ್ಲಿ ಇರುವ ಅಂಕಿ ಎಲ್ಲಿಂದ ಬಂತು? ಅಮ್ಮ ಸರಿಯಾಗಿ ಬರೆದಿದ್ದಳು, ಮಗಳೇ ಅದನ್ನು ಬಿಟ್ಟು ಮೋಹಿತನದ್ದನ್ನು ಹಾಕಿಕೊಂಡಳು ಎಂದಾಗುತ್ತದೆ. ರಾತ್ರಿಯೆಲ್ಲ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದ ಆ ಪುಸ್ತಕ ಮಗಳ ಕುತ್ತಿಗೆಗೆ ಹಗ್ಗ. ಅದನ್ನು ತನ್ನ ಕೈಯಾರೆ ಹೊಸೆದಿದ್ದಳು. ಚಿಕ್ಕಮಗಳೂರು ಬರುವ ತನಕ ಬ್ಯಾಗನ್ನು ತೊಡೆಯಿಂದ ಕೆಳಗಿಡಲಿಲ್ಲ.

ಧನ್ಯಶ್ರೀ ಗೇಟಿನಲ್ಲೇ ನಿಂತಿದ್ದಳು. ಕಣ್ಣು ಊದಿಕೊಂಡಿತ್ತು. "ಎಲ್ಲಾರೂ ನಂಗೂ ಮೋಹಿತಂಗೂ ಏನೋ ಇದೆ ಅಂತ ಆಡ್ಕೊಳ್ತಿದಾರೆ ಅಮ್ಮ. ಅವನು ನನ್ನ ಹತ್ರ ಮಾತೇ ಬಿಟ್ಟಿದಾನೆ. ಪುಸ್ತಕ ತಂದ್ಯಾ?"

"ತಂದೆ. ಪುಟ್ಟಿ, ಒಂದು ನಿಮಿಷ ನಿಲ್ಲು, ನಿನ್ನ ಹತ್ರ…"

"ಆಮೇಲೆ ಅಮ್ಮ. ಕರೀತಿದಾರೆ."

ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ಮಗಳ ಗೈಡ್ ಶಿಲ್ಪಾ ಮೇಡಂ. ಮೋಹಿತ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಮೇಜಿನ ಮೇಲೆ ಎರಡು ಪ್ರಾಜೆಕ್ಟುಗಳು ಅಕ್ಕಪಕ್ಕ ತೆರೆದಿದ್ದವು.

"ಕೂತ್ಕೊಳ್ಳಿ ಅಮ್ಮ," ಎಂದರು ಮೇಡಂ. "ನಕಲು ಹಿಡಿಯೋಕೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಎಲ್ಲ ಸರಿಯಿತ್ತು. ಅದು ವಾಕ್ಯ ಮಾತ್ರ ನೋಡೋದು, ಅಂಕಿ ನೋಡಲ್ಲ. ನಾನು ಇವೆರಡನ್ನೂ ಒಂದೇ ದಿನ ಓದಿದ್ದಕ್ಕೆ ಗೊತ್ತಾಯ್ತು. ಇವಳ ಪ್ರಾಜೆಕ್ಟ್ ಹೇಳೋದೇ ಪಕ್ಕಪಕ್ಕದ ತೋಟದಲ್ಲಿ ಮಳೆ ಒಂದೇ ಥರ ಬೀಳಲ್ಲ ಅಂತ. ಹದಿನೇಳು ದಿನ ಹೇಗೆ ಬಿತ್ತು?"

"ಮೇಡಂ, ಅಮ್ಮನ ಪುಸ್ತಕ ನೋಡಿ," ಎಂದಳು ಧನ್ಯ. "ಅವಳು ಕೈಯಾರೆ ಅಳೆದಿರೋದು. ಹೇಳಮ್ಮ."

ಯಶೋದಾ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ಬ್ಯಾಗಿನೊಳಗೆ ಕೈಹಾಕಿದಾಗ ಕಡುಬಿನ ಡಬ್ಬಿ ಇನ್ನೂ ಬೆಚ್ಚಗೆ ತಾಗಿತು. ಅದರ ಕೆಳಗಿನ ಎರಡೂ ಪುಸ್ತಕಗಳನ್ನು ಒಟ್ಟಿಗೇ ತೆಗೆದು ಮೇಜಿನ ಮೇಲಿಟ್ಟಳು.

"ಇದು ಹೋದ ವರ್ಷ ಬರೆದದ್ದು. ಇದು ನಿನ್ನೆ ಬರೆದದ್ದು," ಎಂದಳು. "ಎರಡರಲ್ಲೂ ಆ ಹದಿನೇಳು ದಿನದ್ದು ಸುಳ್ಳು ಮೇಡಂ. ನಾನು ಮನೇಲೇ ಇರ್ಲಿಲ್ಲ. ನಮ್ಮಮ್ಮ ಬಿದ್ದಿದ್ರು, ವಸ್ತಾರೇಲಿದ್ದೆ. ಪಕ್ಕದ ತೋಟದ ರೈಟರ್ ಹತ್ರ ನೋಡಿ ಬರ್ಕೊಂಡೆ. ಇವಳಿಗೆ ಗೊತ್ತಿಲ್ಲ. ಈ ಹುಡುಗನಿಗೂ ಗೊತ್ತಿಲ್ಲ."

ಮಗಳ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

"ಬಾಟಲೀಲಿ ನಿಂತಿದ್ದು ಒಂದು ಇಂಚು ಮೂವತ್ತೆಂಟು ಸೆಂಟ್. ಅಳೆದು, ನಾನೇ ಚೆಲ್ಲಿದೆ."

ಶಿಲ್ಪಾ ಮೇಡಂ ಹೊಸ ಪುಸ್ತಕ ತೆರೆದು ಹಿಟ್ಟಿನ ಗುರುತನ್ನು ಸ್ವಲ್ಪ ಹೊತ್ತು ನೋಡಿ, ಮುಚ್ಚಿ, ಪಕ್ಕಕ್ಕೆ ಸರಿಸಿದರು. ಹಳೆಯ ಪುಸ್ತಕವನ್ನು ಯಶೋದಾಳ ಮುಂದಿಟ್ಟು ಕೆಂಪು ಪೆನ್ನು ಕೊಟ್ಟರು. "ಅಳಿಸಬೇಡಿ. ಕೆಳಗಿನ ಅಂಕಿ ಕಾಣೋ ಹಾಗೆ ಒಂದೇ ಗೆರೆ ಎಳೀರಿ. ಪಕ್ಕದಲ್ಲಿ 'ಅಳೆದಿಲ್ಲ' ಅಂತ ಬರೆದು ಸಹಿ ಹಾಕಿ. ಪ್ರತಿ ದಿನಕ್ಕೂ."

ಹದಿನೇಳು ಸಲ ಬರೆದಳು. ಐದನೆಯ ಸಾಲಿಗೆ ಗೆರೆ ಸೊಟ್ಟಗಾಯಿತು. ಯಾರೋ ಸ್ಕೇಲು ಮುಂದೆ ಸರಿಸಿದರು. ಆ ಬೆರಳುಗಳು ಮಗಳದ್ದೆಂದು ತಲೆಯೆತ್ತದೆಯೇ ತಿಳಿಯಿತು.

ಮೋಹಿತನದು ಏನೂ ತಪ್ಪಿಲ್ಲವೆಂದು ಅಲ್ಲೇ ಬರೆದರು. ಧನ್ಯಶ್ರೀ ಕದ್ದಳೆಂದು ಬರೆಯಲಿಲ್ಲ. ಆದರೆ ಪ್ರಾಜೆಕ್ಟು ವಾಪಸ್. ಬರುವ ಬೇಸಿಗೆಯಲ್ಲಿ ಮತ್ತೆ ಅಳೆಯಬೇಕು. ಅದಕ್ಕೂ ಯೂನಿವರ್ಸಿಟಿ ಒಪ್ಪಬೇಕು. ಒಪ್ಪದಿದ್ದರೆ? "ಈಗಲೇ ಹೇಳೋಕಾಗಲ್ಲ ಅಮ್ಮ," ಎಂದರು ಮೇಡಂ.

ಬಸ್‌ಸ್ಟ್ಯಾಂಡಿನ ತನಕ ಧನ್ಯ ಜೊತೆಗೆ ಬಂದಳು, ಎರಡು ಹೆಜ್ಜೆ ಮುಂದೆ. ಕಡುಬಿನ ಡಬ್ಬಿ ಇಸಿದುಕೊಂಡಳು. ಅಜ್ಜಿ ಬಿದ್ದದ್ದನ್ನು ಯಾಕೆ ಹೇಳಲಿಲ್ಲವೆಂದು ಕೇಳಲಿಲ್ಲ, ಬಯ್ಯಲಿಲ್ಲ. ಮೂಡಿಗೆರೆ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ನಿಂತಳು.

"ಅಮ್ಮ, ಆ ಒಂದು ಮೂವತ್ತೆಂಟು… ಅದನ್ನಾದ್ರೂ ಅಳೆದಿದ್ದಾ?"

"ಅಳೆದಿದ್ದೆ ಪುಟ್ಟಿ."

ಮಗಳು ಅವಳ ಮುಖವನ್ನೇ ನೋಡಿದಳು. ಅಂಥ ನೋಟವನ್ನು ಆ ಮುಖದಲ್ಲಿ ಯಶೋದಾ ಹಿಂದೆಂದೂ ಕಂಡಿರಲಿಲ್ಲ. ಬಸ್ಸು ಚಲಿಸಿತು.

ಆಮೇಲೆ ಆರು ದಿನ ಫೋನು ಬರಲಿಲ್ಲ. ಫೋನು ಮಾಡಲು ಯಶೋದಾಳಿಗೂ ಭಯ. ಏಳನೆಯ ದಿನ ಬೆಳಿಗ್ಗೆ ಎಂಟೂವರೆಗೆ, ಅವಳು ರೊಟ್ಟಿ ತಟ್ಟುತ್ತಿರುವಾಗ ಬಂತು.

"ಎಷ್ಟು?" ಎಂದಿತು ಮಗಳ ದನಿ. ಬೇರೇನೂ ಇಲ್ಲ.

ಮಳೆ ಬಂದು ಎರಡು ತಿಂಗಳಾಗಿತ್ತು. ಕಣದಲ್ಲಿ ಕಾಫಿ ಗಲಗಲ ಒಣಗಿತ್ತು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ.

"ಸೊ…" ಎಂದವಳು ಬಾಯಿ ಮುಚ್ಚಿದಳು. "ಇರು ಪುಟ್ಟಿ. ಇಡಬೇಡ."

ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಅಂಗಳಕ್ಕೆ ಇಳಿದಳು. ಆಲಿಕೆ ಎತ್ತಿದಳು. ಬಾಟಲಿಯನ್ನು ತೆಗೆದು ಅಳತೆಯ ಗಾಜಿನ ಮೇಲೆ ಬಗ್ಗಿಸಿ, ಕೊನೆಯ ಹನಿ ಇದ್ದರೆ ಬೀಳಲೆಂದು ತುಸು ಹೊತ್ತು ಹಾಗೇ ಹಿಡಿದಳು. ಆಮೇಲೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು. ಅದರೊಳಗಿನಿಂದ ಬಿಸಿಲು, ಕಣ, ಕರಿಬೇವಿನ ಗಿಡ ಎಲ್ಲ ಸ್ವಚ್ಛವಾಗಿ ಕಾಣುತ್ತಿದ್ದವು. ಫೋನಿನ ಆ ಕಡೆ ಮಗಳು ಉಸಿರಾಡುವುದು ಕೇಳಿಸುತ್ತಿತ್ತು.